ಬಿಲವಾಸಿ ಏಡಿಯ ಚರಿತ್ರೆ

ಅರಸರ ಚರಿತ್ರೆಗೆ ಶಾಸನಗಳುಂಟು. ಮಠಗಳ ಚರಿತ್ರೆಗೆ ಗುರುಪರಂಪರೆಗಳುಂಟು. ಊರುಗಳ ಚರಿತ್ರೆಗೆ ಕೈಫಿಯತ್ತುಗಳುಂಟು. ಗದ್ದೆಯ ಬದುವಿನಲ್ಲಿ ಬಿಲವನ್ನು ತೋಡಿಕೊಂಡು ಬಾಳುವ ಏಡಿಗೆ ಇವುಗಳಲ್ಲಿ ಒಂದೂ ಇಲ್ಲ. ಹಾಗೆಂದು ಅದಕ್ಕೆ ಚರಿತ್ರೆಯೇ ಇಲ್ಲವೆಂದು ಹೇಳಲಾಗದು. ಕವಿಗಳು ಅದನ್ನು ಉಪಮಾನಕ್ಕೆ ತೆಗೆದುಕೊಂಡಿರುವರು. ರಾಜನೀತಿಜ್ಞರು ಅದರ ಹೆಸರನ್ನೆತ್ತಿ ಅರಸುಮಕ್ಕಳನ್ನು ಶಂಕಿಸಿರುವರು. ದೂರದೇಶದ ಪಾದ್ರಿಯೂ ಸೇನಾನಿಯೂ ಅದನ್ನು ಕಂಡು ಬೆರಗಾಗಿ ಬರೆದಿಟ್ಟಿರುವರು. ಪಂಡಿತರು ಅದಕ್ಕೆ ಹೆಸರನ್ನಿಟ್ಟು, ಆ ಹೆಸರನ್ನು ಅಳಿಸಿ, ಮತ್ತೊಂದನ್ನಿಟ್ಟಿರುವರು. ಇವೆಲ್ಲವನ್ನೂ ಒಂದೆಡೆ ಕೂಡಿಸಿ ನೋಡಿದರೆ, ಅಲ್ಪವೆಂದು ತೋರುವ ಈ ಪ್ರಾಣಿಯ ಕಥೆಯಲ್ಲಿ ಮನುಷ್ಯನ ಅರಿವಿನ ಕಥೆಯೂ ಮರೆವಿನ ಕಥೆಯೂ ಹೆಣೆದುಕೊಂಡಿರುವುದು ಕಾಣಬರುವುದು.

ಇಲ್ಲಿ ಹೇಳತಕ್ಕ ಏಡಿಯು ಕಡಲಿನದಲ್ಲ. ದಖ್ಖನಿನ ಪ್ರಸ್ಥಭೂಮಿಯಲ್ಲಿಯೂ ಸಹ್ಯಾದ್ರಿಯ ಮಗ್ಗುಲಿನಲ್ಲಿಯೂ ಹಳ್ಳ, ಕೆರೆ, ಗದ್ದೆ, ಹುಲ್ಲುಗಾವಲುಗಳನ್ನು ಆಶ್ರಯಿಸಿಕೊಂಡಿರುವ ಸಿಹಿನೀರಿನ ಏಡಿ ಇದು. ಪ್ರಾಣಿಶಾಸ್ತ್ರಜ್ಞರು ಇದನ್ನು ಬ್ಯಾರಿಟೆಲ್ಫ್ಯೂಸ ಕ್ಯುನಿಕ್ಯುಲಾರಿಸ್ ಎಂದು ಕರೆಯುವರು. ಬೇಸಗೆಯಲ್ಲಿ ನೆಲವು ಬಿರಿಯುತ್ತಿರುವಾಗ ಇದು ತೇವವಿರುವಷ್ಟು ಆಳಕ್ಕೆ ಬಿಲವನ್ನಗೆದು ಒಳಗೆ ಅಡಗಿರುವುದು. ಕಿವಿರುಗಳ ಕೋಣೆಯಲ್ಲಿ ತೇವವು ಉಳಿದಿರುವ ತನಕ ಗಾಳಿಯಿಂದಲೇ ಉಸಿರಾಡಬಲ್ಲುದು. ಮುಂಗಾರಿನ ಮೊದಲ ಮಳೆಗಳು ಹೊಯ್ದು ನೆಲವು ನೆನೆದೊಡನೆ ಹೊರಗೆ ಬಂದು ಹುಲ್ಲು, ಎಲೆ, ಹುಳುಹುಪ್ಪಟೆ, ಸತ್ತ ಜಂತುಗಳು ಮುಂತಾಗಿ ಸಿಕ್ಕಿದುದನ್ನು ತಿನ್ನುವುದು. ಕೊಕ್ಕರೆಯೂ ನೀರುನಾಯಿಯೂ ನರಿಯೂ ಇಂತಹ ಏಡಿಗಳನ್ನು ಹಿಡಿದು ತಿನ್ನುವುವು, ಮನುಷ್ಯನೂ ತಿನ್ನುವನು. ಮಳೆಗಾಲದ ಇರುಳಿನಲ್ಲಿ ದೊಂದಿ ಹಿಡಿದು ಗದ್ದೆಯ ಅಂಚಿನಲ್ಲಿ ಏಡಿ ಹುಡುಕಿದವರಿಗೂ, ನೆಗಡಿಗೆ ಏಡಿಯ ಸಾರು ಮದ್ದೆಂದು ನಂಬಿ ಕುಡಿದವರಿಗೂ ಮಲೆನಾಡಿನಲ್ಲಿ ಕೊರತೆಯಿಲ್ಲ.

ಈ ಪ್ರಾಣಿಯ ಪರಿಚಯವು ಎಷ್ಟು ಹಳೆಯದೆಂಬುದಕ್ಕೆ ಭಾಷೆಯೇ ಸಾಕ್ಷಿ. ಕನ್ನಡದಲ್ಲಿ ಏಡಿ ಎಂಬ ಮಾತೂ ನಳ್ಳಿ ಎಂಬ ಮಾತೂ ಉಂಟು. ತುಳುವರು ಡೆಂಜಿ ಎನ್ನುವರು. ತಮಿಳರು ನಂಡು ಎಂದೂ ಮಲೆಯಾಳಿಗಳು ಞಂಡು ಎಂದೂ ತೆಲುಗರು ಎಂಡ್ರಕಾಯ ಎಂದೂ ಹೇಳುವರು. ಮರಾಠಿಯಲ್ಲಿ ಇದು ಖೇಕಡಾ. ಸಂಸ್ಕೃತದಲ್ಲಿ ಕರ್ಕಟ, ಕುಲೀರ ಎಂಬ ಹೆಸರುಗಳು ಪ್ರಸಿದ್ಧವಾಗಿವೆ. ಮೀನುಗಳನ್ನು ವಂಚಿಸಿದ ಬಕನ ಕೊರಳನ್ನು ಕತ್ತರಿಸಿದ ಪಂಚತಂತ್ರದ ಕುಲೀರವು ಕೆರೆಯ ಏಡಿಯೇ ಹೊರತು ಸಮುದ್ರದ್ದಲ್ಲ. ರಾಶಿಚಕ್ರದಲ್ಲಿಯೂ ಕರ್ಕಾಟಕಕ್ಕೆ ಸ್ಥಾನವುಂಟು.

ಆದರೆ ಪ್ರಾಚೀನರು ಈ ಜಂತುವಿಗೆ ಒಂದು ಅಪವಾದವನ್ನು ಹೊರಿಸಿದರು. ಬಾಳೆಯೂ ಬಿದಿರೂ ಫಲವನ್ನಿತ್ತು ಕೆಡುವಂತೆ ಹೆಣ್ಣೇಡಿಯು ತನ್ನ ಸಾವಿಗಾಗಿಯೇ ಗರ್ಭವನ್ನು ಧರಿಸುವುದೆಂದು ಸಂಸ್ಕೃತದ ಕವಿಗಳು ಹೇಳಿದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಪುತ್ರರಿಂದ ರಾಜನಿಗೊದಗುವ ಅಪಾಯದ ಪ್ರಸ್ತಾಪವು ಬಂದಾಗ, ಅರಸುಮಕ್ಕಳು ಏಡಿಗಳ ಧರ್ಮದವರು, ಹೆತ್ತವರನ್ನೇ ತಿನ್ನತಕ್ಕವರು ಎಂಬುದಾಗಿ ಭಾರದ್ವಾಜನೆಂಬ ಆಚಾರ್ಯನ ಮತವು ಉದಾಹೃತವಾಗಿದೆ. ಈ ಗ್ರಂಥವು ಬಹುಕಾಲ ಕಣ್ಮರೆಯಾಗಿದ್ದು, ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು ೧೯೦೯ರಲ್ಲಿ ಅಚ್ಚಾಯಿತು. ಅದೇ ವರ್ಷದಲ್ಲಿ ಮತ್ತೊಬ್ಬ ವಿದ್ವಾಂಸನು ದಖ್ಖನಿನ ಏಡಿಗೆ ಬ್ಯಾರಿಟೆಲ್ಫ್ಯೂಸ ಎಂಬ ಕುಲನಾಮವನ್ನು ಪ್ರಕಟಿಸಿದುದು ಕಾಕತಾಳೀಯವಾದರೂ ನೆನಪಿಡತಕ್ಕ ಸಂಗತಿ. ಆ ವಿದ್ವಾಂಸನ ಮಾತು ಮುಂದೆ ಬರುವುದು.

ಈ ಅಪವಾದಕ್ಕೆ ಮೂಲವೇನು? ಸಮುದ್ರದ ಏಡಿಯು ಲಕ್ಷಗಟ್ಟಲೆ ಸಣ್ಣ ಮೊಟ್ಟೆಗಳನ್ನಿಡುವುದು. ಅವುಗಳಿಂದ ಹೊರಡುವ ಮರಿಗಳು ತಾಯಿಯ ಆಕಾರವನ್ನು ಹೋಲದೆ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ, ನೀರಿನಲ್ಲಿ ತೇಲುತ್ತ ಹಲವು ರೂಪಗಳನ್ನು ತಾಳಿ ಕಡೆಗೆ ಏಡಿಗಳಾಗುವುವು. ಸಿಹಿನೀರಿನ ಏಡಿಯ ರೀತಿಯೇ ಬೇರೆ. ಅದರ ಮೊಟ್ಟೆಗಳು ದೊಡ್ಡವು, ಎಣಿಕೆಯಲ್ಲಿ ಸ್ವಲ್ಪ. ತಾಯಿಯು ಅವುಗಳನ್ನು ಹೊಟ್ಟೆಯ ಕೆಳಗೆ ಮಡಿಸಿಕೊಂಡಿರುವ ಅಗಲವಾದ ಪದರದಲ್ಲಿ ಹೊತ್ತುಕೊಂಡು ತಿರುಗುವುದು. ಆ ಮೊಟ್ಟೆಗಳಿಂದ ಪೂರ್ಣಾಕಾರದ ಚಿಕ್ಕ ಏಡಿಗಳೇ ಹೊರಡುವುವು. ಹೊರಟ ಮೇಲೆಯೂ ಕೆಲವು ಕಾಲ ತಾಯಿಯ ಆ ಮಡಿಲಿನಲ್ಲಿಯೇ ಇರುವುವು. ಇಂತಹ ಏಡಿಯನ್ನು ಹಿಡಿದೆತ್ತಿದವನಿಗೆ ಅದರ ಹೊಟ್ಟೆಯು ಸೀಳಿ ಮರಿಗಳು ಹೊರಗೆ ಸುರಿಯುತ್ತಿರುವಂತೆ ತೋರುವುದು. ಮರಿಗಳು ತಾಯಿಯನ್ನು ತಿಂದು ಬರುವುವೆಂಬ ನಂಬಿಕೆಯು ಈ ನೋಟದಿಂದ ಹುಟ್ಟಿರಬಹುದು. ಹಾಗಾದರೆ ಪ್ರಾಚೀನರು ನೋಡಿದುದು ನಿಜ, ಊಹಿಸಿದುದು ತಪ್ಪು. ತಾಯಿಯು ಸಾಯುವುದಿಲ್ಲ, ಮರಿಗಳು ಅದನ್ನು ತಿಂದು ಹುಟ್ಟುವುದೂ ಇಲ್ಲ. ಪಿತೃಘಾತಕ್ಕೆ ದೃಷ್ಟಾಂತವಾದ ಪ್ರಾಣಿಯು ವಸ್ತುತಃ ಮಾತೃವಾತ್ಸಲ್ಯಕ್ಕೆ ದೃಷ್ಟಾಂತವಾಗತಕ್ಕದ್ದಾಗಿತ್ತು.

ಐರೋಪ್ಯರ ಗ್ರಂಥಗಳಲ್ಲಿ ಇಂಡಿಯದ ಸಿಹಿನೀರಿನ ಏಡಿಗಳು ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ಕಾಣಿಸಿಕೊಂಡುವು. ಲಿನ್ನೇಯಸನ ಶಿಷ್ಯನಾದ ಡೆನ್ಮಾರ್ಕಿನ ಫ್ಯಾಬ್ರಿಸಿಯಸ್ ಎಂಬವನು ೧೭೯೮ರಲ್ಲಿ ಈ ದೇಶದ ಒಂದು ಏಡಿಗೆ ಸೆನೆಕ್ಸ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಮುದುಕನೆಂದರ್ಥ. ದಕ್ಷಿಣದ ಭತ್ತದ ಗದ್ದೆಗಳಲ್ಲಿ ವಾಸಿಸುವ ಆ ಏಡಿಯು ಇಂದಿಗೂ ಆ ಹೆಸರನ್ನು ಹೊತ್ತುಕೊಂಡಿದೆ. ದಖ್ಖನಿನ ಬಿಲವಾಸಿಗೆ ಮಾತ್ರ ಇನ್ನೂ ಹಲವು ವರ್ಷಗಳ ವರೆಗೆ ಇಂತಹ ಹೆಸರು ದೊರೆಯಲಿಲ್ಲ.

೧೮೨೫ರ ಮಳೆಗಾಲದಲ್ಲಿ ಕಲ್ಕತ್ತೆಯ ಬಿಷಪ್ಪನಾದ ರೆಜಿನಾಲ್ಡ್ ಹೀಬರನು ಮುಂಬಯಿಯಿಂದ ಘಟ್ಟವನ್ನೇರಿ ಪುಣೆಗೆ ಹೋದನು. ಪೇಶ್ವೆಯರ ಆಳಿಕೆಯು ಮುಗಿದು ಏಳು ವರ್ಷಗಳಾಗಿದ್ದುವು. ಕೋಟೆಗಳನ್ನೂ ದೇವಾಲಯಗಳನ್ನೂ ನೋಡುತ್ತ ಹೋದ ಆ ಧರ್ಮಾಧಿಕಾರಿಯ ಕಣ್ಣು ಕಾಲಬುಡದ ಹುಲ್ಲಿನ ಮೇಲೂ ಬಿದ್ದಿತು. ದಖ್ಖನಿನ ಹುಲ್ಲುಗಾವಲುಗಳೆಲ್ಲ ಸಣ್ಣ ನೆಲದೇಡಿಗಳಿಂದ ತುಂಬಿರುವುದನ್ನು ಅವನು ಕಂಡನು. ಅವು ಕುಳಿತುಕೊಂಡು ಕೊಂಡಿಗಳಿಂದ ಹುಲ್ಲನ್ನು ಕೊಯ್ದು, ತಮ್ಮ ಗಾತ್ರಕ್ಕೆ ಸಮನಾದ ಹೊರೆಯನ್ನು ಹೊತ್ತು, ಅಡ್ಡಡ್ಡಲಾಗಿ ಓಡುತ್ತ ಬಿಲಗಳನ್ನು ಸೇರುತ್ತಿದ್ದುವು. ಸುಗ್ಗಿಯ ಕಾಲದ ಒಕ್ಕಲಿಗರ ಸಡಗರವನ್ನು ಹೋಲುವ ಈ ನೋಟವು ಅವನಿಗೆ ಬಹಳ ವಿನೋದವಾಗಿ ತೋರಿತು. ಮರುವರ್ಷವೇ ಅವನು ತಿರುಚಿನಾಪಳ್ಳಿಯಲ್ಲಿ ತೀರಿಕೊಂಡನು. ಅವನ ಪ್ರವಾಸಕಥನವನ್ನು ಪತ್ನಿಯು ೧೮೨೮ರಲ್ಲಿ ಅಚ್ಚು ಹಾಕಿಸಿದಳು. ಆ ಗ್ರಂಥದ ಮೂಲಕ ದಖ್ಖನಿನ ಏಡಿಗಳ ಹುಲ್ಲುಕೊಯ್ಲು ಇಂಗ್ಲೆಂಡಿನ ವಾಚಕರಿಗೆ ತಿಳಿಯಿತು.

ಹೀಬರನು ಕಂಡುದನ್ನು ಕುತೂಹಲಿಯಂತೆ ಬರೆದನು. ಶೋಧಕನಂತೆ ಬರೆದವನು ವಿಲಿಯಂ ಹೆನ್ರಿ ಸೈಕ್ಸ್. ಮುಂಬಯಿಯ ಸೇನೆಯಲ್ಲಿ ಅಧಿಕಾರಿಯಾಗಿದ್ದ ಇವನನ್ನು ೧೮೨೪ರಲ್ಲಿ ದಖ್ಖನಿನ ಅಂಕಿಅಂಶಗಳನ್ನು ಸಂಗ್ರಹಿಸುವ ಕೆಲಸಕ್ಕೆ ನೇಮಿಸಿದರು. ಕಂದಾಯಕ್ಕೂ ಜನಗಣನೆಗೂ ಸಂಬಂಧಿಸಿದ ಲೆಕ್ಕಗಳನ್ನು ಕೂಡಿಸುತ್ತ ಊರೂರು ತಿರುಗಿದ ಸೈಕ್ಸನು ಪ್ರಾಣಿಪಕ್ಷಿಗಳ ಲೆಕ್ಕವನ್ನೂ ಇಟ್ಟನು. ದಖ್ಖನಿನ ಮೃಗಗಳ, ಹಕ್ಕಿಗಳ, ಮೀನುಗಳ ಪಟ್ಟಿಗಳನ್ನು ಮುಂದೆ ಲಂಡನ್ನಿನಲ್ಲಿ ಪ್ರಕಟಿಸಿದನು. ನೆಲದೇಡಿಗಳ ವಿಷಯವಾದ ಅವನ ಲೇಖನವು ೧೮೩೬ರಲ್ಲಿ ಅಲ್ಲಿಯ ಕೀಟಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಹೊರಬಿದ್ದಿತು.

ಈ ಲೇಖನದ ಮಹತ್ವವು ಆ ಕಾಲದ ಅರಿವಿನ ಸ್ಥಿತಿಯನ್ನು ನೆನೆದರೆ ಮಾತ್ರ ಗೊತ್ತಾಗುವುದು. ನೆಲದೇಡಿ ಎಂದರೆ ಅಂದಿನ ಐರೋಪ್ಯ ಪಂಡಿತರ ಮನಸ್ಸಿಗೆ ಬರುತ್ತಿದ್ದುದು ವೆಸ್ಟಿಂಡೀಸ್ ದ್ವೀಪಗಳ ಏಡಿ. ಅದು ವರ್ಷದ ಹೆಚ್ಚು ಕಾಲ ಕಾಡಿನಲ್ಲಿದ್ದು, ಮರಿಗಳನ್ನು ಬಿಡುವುದಕ್ಕಾಗಿ ಗುಂಪುಗುಂಪಾಗಿ ಸಮುದ್ರಕ್ಕೆ ಯಾತ್ರೆಹೋಗುವುದು. ದಖ್ಖನಿನ ಏಡಿಯಾದರೋ ಸಮುದ್ರಕ್ಕೆ ಸಾವಿರಾರು ಅಡಿ ಮೇಲೆ, ಘಟ್ಟದ ಗೋಡೆಯ ಈಚೆಗೆ, ಪೂರ್ವಕ್ಕೆ ಹರಿಯುವ ಹೊಳೆಗಳ ನಾಡಿನಲ್ಲಿ ವಾಸಿಸುವುದು. ಅಲ್ಲಿಂದ ಕಡಲಿಗಿಳಿದು ಮರಳುವುದು ಅದರಿಂದ ಆಗದ ಮಾತು. ಆದುದರಿಂದ ಈ ಏಡಿಯು ತನ್ನ ಹುಟ್ಟುಸಾವುಗಳಿಗೆ ಕಡಲಿನ ಹಂಗನ್ನೇ ತೊರೆದ ಬೇರೊಂದು ಬಳಗದ್ದೆಂಬುದು ಸಿದ್ಧವಾಗುವುದು. ಗದ್ದೆಯ ಒಕ್ಕಲಿಗನು ಎಂದಿನಿಂದಲೂ ಕಂಡಿದ್ದ ಈ ವಿಷಯವು ಗ್ರಂಥಸ್ಥವಾಗುವುದಕ್ಕೆ ಇಷ್ಟು ಕಾಲ ಹಿಡಿಯಿತು.

ಸೈಕ್ಸನ ಏಡಿಗೆ ಶಾಸ್ತ್ರೀಯವಾದ ಹೆಸರನ್ನಿತ್ತವನು ಜಾನ್ ಒಬದಾಯ ವೆಸ್ಟ್‌ವುಡ್. ಇವನು ಮುಂದೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕನಾದ ಕೀಟಶಾಸ್ತ್ರಜ್ಞನು. ಅವನು ಆರಿಸಿದ ಕ್ಯುನಿಕ್ಯುಲಾರಿಸ್ ಎಂಬ ಮಾತು ಲ್ಯಾಟಿನ್ನಿನಲ್ಲಿ ಬಿಲಕ್ಕೂ ಬಿಲದಲ್ಲಿರುವ ಮೊಲಕ್ಕೂ ಸಲ್ಲುವ ಶಬ್ದದಿಂದ ಹುಟ್ಟಿದುದು. ಬಿಲವಾಸಿ ಎಂದು ಅದನ್ನು ಕನ್ನಡಿಸಬಹುದು. ಒಬ್ಬನು ಕಂಡ ನಡೆವಳಿಕೆಯು ಮತ್ತೊಬ್ಬನು ಕೊಟ್ಟ ಹೆಸರಿನಲ್ಲಿ ಉಳಿಯಿತು. ಇಂದಿಗೂ ಆ ಏಡಿಯ ಹೆಸರಿನ ಪಕ್ಕದಲ್ಲಿ ಇಬ್ಬರ ಹೆಸರುಗಳೂ ೧೮೩೬ ಎಂಬ ವರ್ಷವೂ ಕಾಣಬರುವುವು. ಬಿಲವನ್ನು ತೋರಿಸಿದ, ಏಡಿಯನ್ನು ಹಿಡಿದುಕೊಟ್ಟ ಹಳ್ಳಿಗರ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಮುಂದಿನ ಎಪ್ಪತ್ತು ವರ್ಷಗಳಲ್ಲಿ ಇಂಡಿಯದ ಏಡಿಗಳು ದೂರದ ವಸ್ತುಸಂಗ್ರಹಾಲಯಗಳನ್ನು ಸೇರುತ್ತ ಬಂದುವು. ಫ್ರಾನ್ಸಿನ ವಿಕ್ಟರ್ ಜಾಕ್ಮೋಂ ಎಂಬ ತರುಣ ಪ್ರಕೃತಿಶಾಸ್ತ್ರಜ್ಞನು ಈ ದೇಶವನ್ನು ಸುತ್ತಿ ೧೮೩೨ರಲ್ಲಿ ಮುಂಬಯಿಯಲ್ಲಿ ಅಕಾಲಮೃತ್ಯುವಿಗೆ ತುತ್ತಾದನು. ಅವನ ಹೆಸರನ್ನು ಬಹುಕಾಲದ ಮೇಲೆ, ೧೯೦೫ರಲ್ಲಿ, ಬಿಲವಾಸಿಯ ಹತ್ತಿರದ ಬಂಧುವೆಂದೆನಿಸಿದ ಒಂದು ಏಡಿಗೆ ಇಟ್ಟವಳು ಅಮೆರಿಕದ ಮೇರಿ ಜೇನ್ ರ್‍ಯಾತ್‌ಬನ್. ಪ್ಯಾರಿಸಿನಲ್ಲಿ ೧೯೦೪ರಿಂದ ೧೯೦೬ರ ವರೆಗೆ ಭಾಗಭಾಗವಾಗಿ ಪ್ರಕಟವಾದ ಅವಳ ಗ್ರಂಥವು ಆ ಕಾಲಕ್ಕೆ ಗೊತ್ತಿದ್ದ ಲೋಕದ ಸಿಹಿನೀರಿನ ಏಡಿಗಳನ್ನೆಲ್ಲ ಒಂದು ಕ್ರಮಕ್ಕೆ ತಂದಿತು. ಈ ಮಹಿಳೆಯು ಕಾಲೇಜನ್ನು ಮೆಟ್ಟಿದವಳಲ್ಲ. ವಾಷಿಂಗ್ಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ದುಡಿಯುತ್ತಲೇ ಕಲಿತವಳು. ೧೯೧೪ರ ಕೊನೆಯಲ್ಲಿ, ತನ್ನ ವೇತನದಿಂದ ಒಬ್ಬ ಸಹಾಯಕನನ್ನು ನೇಮಿಸಿಕೊಳ್ಳಲೆಂದು ತನ್ನ ಉದ್ಯೋಗವನ್ನೇ ಬಿಟ್ಟು, ಮುಂದೆ ಹಲವು ವರ್ಷ ಸಂಬಳವಿಲ್ಲದೆ ಅದೇ ಕೆಲಸವನ್ನು ಮಾಡಿದಳು. ಏಡಿಗಳಿಗಾಗಿ ಅನ್ನದ ದಾರಿಯನ್ನು ಬಿಟ್ಟವರು ಲೋಕದಲ್ಲಿ ಹೆಚ್ಚು ಜನರಿರಲಾರರು.

ಇದೇ ವೇಳೆಯಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಸಂಗ್ರಹವನ್ನು ಆಲ್ಫ್ರೆಡ್ ವಿಲಿಯಂ ಆಲ್ಕಾಕ್ ಎಂಬ ವೈದ್ಯನು ಪರಿಶೀಲಿಸಿದನು. ಇನ್ವೆಸ್ಟಿಗೇಟರ್ ಎಂಬ ಹಡಗಿನಲ್ಲಿ ಸಮುದ್ರಜೀವಿಗಳನ್ನು ಶೋಧಿಸಿ ಹೆಸರು ಪಡೆದಿದ್ದ ಇವನು ಆ ಮ್ಯೂಸಿಯಮ್ಮಿನ ಮುಖ್ಯಾಧಿಕಾರಿಯಾಗಿದ್ದವನು. ಹೊರಗಿನ ಆಕಾರವೊಂದನ್ನೇ ನೋಡಿ ಏಡಿಗಳನ್ನು ವಿಂಗಡಿಸಿದರೆ ಮೋಸಹೋಗುವ ಸಂಭವವುಂಟೆಂದು ಅರಿತು, ಬಾಯಿಯ ಅವಯವಗಳ ಸೂಕ್ಷ್ಮ ರಚನೆಯನ್ನು ಲಕ್ಷಣವಾಗಿ ತೆಗೆದುಕೊಂಡನು. ಮೇಲೆ ಸೂಚಿಸಿದಂತೆ ೧೯೦೯ರಲ್ಲಿ ಬ್ಯಾರಿಟೆಲ್ಫ್ಯೂಸ ಎಂಬ ವಿಭಾಗವನ್ನು ಕಲ್ಪಿಸಿದವನು ಇವನೇ. ೧೯೧೦ರಲ್ಲಿ ಹೊರಬಿದ್ದ ಇವನ ಸಿಹಿನೀರಿನ ಏಡಿಗಳ ಪಟ್ಟಿಯು ಮುಂದಿನ ಎಲ್ಲ ಕೆಲಸಕ್ಕೂ ಬುನಾದಿಯಾಯಿತು. ಪಶ್ಚಿಮಘಟ್ಟದ ಒಂದು ಏಡಿಗೆ ಇವನಿಟ್ಟ ಹೆಸರು ಗುಬರ್ನೆಟೋರಿಸ್, ಅಂದರೆ ಗವರ್ನರನದು. ಅರಸೊತ್ತಿಗೆಯ ನೆರಳು ಕಲ್ಲಿನ ಸಂದಿನ ಜಂತುವಿನ ಮೇಲೂ ಬಿದ್ದಿತ್ತೆಂಬುದಕ್ಕೆ ಇದೊಂದು ಗುರುತು.

೧೯೧೬ರಲ್ಲಿ ಇಂಡಿಯದ ಪ್ರಾಣಿಸರ್ವೇಕ್ಷಣ ಇಲಾಖೆಯು ಕಲ್ಕತ್ತೆಯಲ್ಲಿ ಸ್ಥಾಪಿತವಾಯಿತು. ಆದರೂ ಏಡಿಗಳ ಶಾಸ್ತ್ರವು ನಿಧಾನವಾಗಿಯೇ ನಡೆಯಿತು. ೧೯೭೦ರಲ್ಲಿ ಜರ್ಮನಿಯ ರಿಚರ್ಡ್ ಬಾಟ್ ಎಂಬವನು ಗಂಡೇಡಿಯ ಜನನಾಂಗದ ರಚನೆಯನ್ನು ಆಧಾರವಾಗಿಟ್ಟುಕೊಂಡು ಹಳೆಯ ವಿಂಗಡಣೆಯನ್ನು ತಿದ್ದಿದನು. ೨೦೦೭ರಲ್ಲಿ ಬಹೀರ್ ಮತ್ತು ಯೋ ಎಂಬ ಇಬ್ಬರು ದಕ್ಷಿಣ ಇಂಡಿಯದ ಏಡಿಗಳನ್ನು ಮತ್ತೊಮ್ಮೆ ಶೋಧಿಸಿ ಬರೆದರು. ಈ ನಡುವೆ ಬಿಲವಾಸಿಗೆ ಬೇರೊಂದು ಬಗೆಯ ಪ್ರಸಿದ್ಧಿಯೂ ಬಂದಿತ್ತು. ಸುಲಭವಾಗಿ ಸಿಕ್ಕುವ ಪ್ರಾಣಿಯಾದುದರಿಂದ ಮರಾಠವಾಡಾ ವಿಶ್ವವಿದ್ಯಾಲಯವೇ ಮೊದಲಾದ ದಖ್ಖನಿನ ವಿದ್ಯಾಸ್ಥಾನಗಳ ಪ್ರಯೋಗಶಾಲೆಗಳಲ್ಲಿ ಅದರ ರಕ್ತ, ಗ್ರಂಥಿ, ಉಸಿರಾಟಗಳನ್ನು ಕುರಿತು ಅನೇಕ ಪರೀಕ್ಷೆಗಳು ನಡೆದುವು; ಬೆಳೆಗೆ ಚೆಲ್ಲುವ ವಿಷಗಳು ನೀರಿನ ಜೀವಿಗಳಿಗೆ ಎಷ್ಟು ಹಾನಿಮಾಡುವುವೆಂಬುದನ್ನೂ ಅದರ ಮೇಲೆಯೇ ಪ್ರಯೋಗಿಸಿ ನೋಡಿದರು. ಹೀಗೆ ಏಡಿಯ ಒಡಲಿನ ಒಳಗು ಚೆನ್ನಾಗಿ ತಿಳಿಯಿತು. ಗದ್ದೆಯಲ್ಲಿ ಅದರ ಬಾಳು ಹೇಗಿದೆಯೆಂಬುದು ಅಷ್ಟಾಗಿ ಯಾರ ಗಮನವನ್ನೂ ಸೆಳೆಯಲಿಲ್ಲ.

ಸಿಹಿನೀರಿನ ಏಡಿಯ ಮರಿಗಳು ತೇಲಿಹೋಗದೆ ತಾಯಿಯಿದ್ದ ಹಳ್ಳದಲ್ಲಿಯೇ ನೆಲೆಸುವುದರಿಂದ ಒಂದು ವಿಶೇಷ ಫಲವುಂಟು. ಒಂದು ಗುಡ್ಡದ ಏಡಿಗೂ ಮತ್ತೊಂದು ಗುಡ್ಡದ ಏಡಿಗೂ ಬಳಕೆ ತಪ್ಪಿ, ಅನೇಕ ಸಾವಿರ ವರ್ಷಗಳಲ್ಲಿ ಅವು ಬೇರೆ ಬೇರೆ ಜಾತಿಗಳಾಗುವುವು. ಸಹ್ಯಾದ್ರಿಯು ಇಂತಹ ಜಾತಿಗಳ ಭಂಡಾರ. ೨೦೧೪ರಲ್ಲಿ ಘಟ್ಟದ ಹೆಸರನ್ನೇ ಹೊತ್ತ ಘಾಟಿಯಾನ ಎಂಬ ಹೊಸ ಕುಲವು ಪ್ರಕಟವಾಯಿತು. ೨೦೧೭ರಲ್ಲಿ ಕೇರಳದ ಕಾಡಿನಲ್ಲಿ ಮರದ ಪೊಟರೆಯೊಳಗಿನ ನೀರಿನಲ್ಲಿ ಬಾಳುವ ಏಡಿಯೊಂದು ಬೆಳಕಿಗೆ ಬಂದು, ಅಲ್ಲಿಯ ಕಾಣಿ ಎಂಬ ಬುಡಕಟ್ಟಿನವರ ಹೆಸರು ಅದರ ಕುಲಕ್ಕೂ, ಮರದ ಏಡಿ ಎಂಬರ್ಥದ ಮರಞಂಡು ಎಂಬ ಮಲೆಯಾಳದ ಮಾತು ಅದರ ಜಾತಿಗೂ ಸಂದುವು. ೨೦೨೨ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲೂಕಿನ ಬಾರೆಯಲ್ಲಿ ಬಿಳಿ ಮತ್ತು ಕೆನ್ನೀಲಿ ಎಂಬ ಎರಡು ಬಣ್ಣಗಳ ಏಡಿಯೊಂದನ್ನು ಗುರುತಿಸಿ ಘಾಟಿಯಾನ ದ್ವಿವರ್ಣ ಎಂದು ಹೆಸರಿಟ್ಟರು. ಅದನ್ನು ಮೊದಲು ಕಂಡು ಇದು ಬೇರೆಯದೆಂದು ಎಣಿಸಿದವರು ಅರಣ್ಯ ಇಲಾಖೆಯ ಒಬ್ಬ ರಕ್ಷಕರೂ ಆ ಸೀಮೆಯ ಒಬ್ಬ ಪ್ರಕೃತಿಪ್ರಿಯರೂ. ಪಂಡಿತರು ಬಳಿಕ ಪರೀಕ್ಷಿಸಿ ಅದನ್ನು ಸ್ಥಿರಪಡಿಸಿದರು.

ಈ ಹೆಸರುಗಳ ಸಾಲನ್ನು ನೋಡಿದರೆ ಎರಡು ಶತಮಾನಗಳ ಕಥೆಯು ಅದರಲ್ಲಿಯೇ ಅಡಗಿರುವುದು. ಮುದುಕ, ಬಿಲವಾಸಿ, ಜಾಕ್ಮೋಂನದು, ಗವರ್ನರನದು ಎಂಬ ಹೆಸರುಗಳು ದೂರದಲ್ಲಿ ಕುಳಿತವರು ಕೊಟ್ಟುವು. ಕಾಣಿ, ಮರಞಂಡು, ದ್ವಿವರ್ಣ ಎಂಬುವು ಈ ನೆಲದ ಮಾತುಗಳು. ಸೈಕ್ಸನ ಕಾಲದಲ್ಲಿ ಹೆಸರಿಲ್ಲದೆ ಹೋದ ಹಳ್ಳಿಗನ ಅರಿವು ಯಲ್ಲಾಪುರದ ಕಾಡಿನಲ್ಲಿ ಗಣನೆಗೆ ಬಂದಿತು. ಇದು ಸಂತೋಷಪಡತಕ್ಕ ವಿಷಯ.

ಆದರೆ ಹೆಸರು ಸಿಕ್ಕುವುದರೊಳಗಾಗಿ ಹೆಸರಿನ ಒಡೆಯನೇ ಇಲ್ಲದೆ ಹೋಗುವ ಭಯವೂ ಉಂಟು. ೨೦೦೯ರಲ್ಲಿ ಲೋಕದ ೧,೨೮೦ ಜಾತಿಯ ಸಿಹಿನೀರಿನ ಏಡಿಗಳನ್ನು ಕುರಿತು ಒಂದು ಪರಾಮರ್ಶೆಯು ಪ್ರಕಟವಾಯಿತು. ಅವುಗಳಲ್ಲಿ ಸುಮಾರು ಆರರಲ್ಲೊಂದು ಪಾಲು ಅಳಿವಿನ ಅಪಾಯದಲ್ಲಿರುವುದೆಂದೂ, ಹೆಚ್ಚುಕಡಮೆ ಅರ್ಧದಷ್ಟು ಜಾತಿಗಳ ಸ್ಥಿತಿಯನ್ನು ನಿರ್ಣಯಿಸಲು ಸಾಕಷ್ಟು ಸಂಗತಿಗಳೇ ದೊರೆತಿಲ್ಲವೆಂದೂ ಅದರಿಂದ ತಿಳಿದುಬಂದಿತು. ಒಂದೇ ಗುಡ್ಡದ ಒಂದೇ ಹಳ್ಳವನ್ನು ನೆಚ್ಚಿದ ಏಡಿಗೆ ಆ ಹಳ್ಳದ ಮೇಲಣ ಕಾಡು ಕಡಿದುಹೋದರೆ, ಅಥವಾ ಕಲ್ಲುಗಣಿಯ ಹೂಳು ತುಂಬಿದರೆ, ಬೇರೆ ನೆಲೆಯಿಲ್ಲ. ಗಾಳಿಯಲ್ಲಿ ಬೀಜವನ್ನು ಕಳುಹಿಸುವ ಗಿಡದಂತೆ ಅದು ತನ್ನ ಮರಿಗಳನ್ನು ಹೊರಗೆ ಕಳುಹಿಸಲಾರದು. ತಾಯಿಯ ಮಡಿಲಿನಲ್ಲಿ ಬೆಳೆದುದೇ ಅದರ ರಕ್ಷೆಯೂ ಅದರ ಸೆರೆಯೂ ಆಗಿರುವುದು.

ದಖ್ಖನಿನ ಬಿಲವಾಸಿಯು ವಿಸ್ತಾರವಾದ ನಾಡಿನಲ್ಲಿ ಹರಡಿಕೊಂಡಿರುವುದರಿಂದ ಪಂಡಿತರು ಅದನ್ನು ಅಪಾಯದ ಪಟ್ಟಿಯಲ್ಲಿ ಸೇರಿಸಿಲ್ಲ. ಅದಕ್ಕೆ ವೈರಿಗಳಿಲ್ಲವೆಂದಲ್ಲ. ಬದುವನ್ನು ಕೊರೆದು ಗದ್ದೆಯ ನೀರನ್ನು ಸೋರಿಸುವುದೆಂದು ಒಕ್ಕಲಿಗನು ಅದರ ಮೇಲೆ ಕೋಪಿಸಿಕೊಳ್ಳುವನು. ಆ ಕೋಪಕ್ಕೆ ಕಾರಣವಿದೆ. ರಾತ್ರಿ ಕಟ್ಟಿದ ನೀರು ಬೆಳಗಾಗುವುದರೊಳಗೆ ಬತ್ತಿದರೆ ನಷ್ಟವು ಅವನದೇ. ಬಿಲಕ್ಕೆ ಮಣ್ಣುಮೆತ್ತಿ, ಸಿಕ್ಕಿದ ಏಡಿಯನ್ನು ಸಾರಿಗೆ ಹಾಕಿ ತೀರಿಸಿಕೊಳ್ಳುತ್ತಿದ್ದ ಹಳೆಯ ಜಗಳದಲ್ಲಿ ಎರಡು ಪಕ್ಷಗಳೂ ಉಳಿದುಕೊಂಡಿದ್ದುವು. ವಿಷದ ಪುಡಿಯೂ ವಿಷದ ನೀರೂ ಬಂದ ಮೇಲೆ ಜಗಳದ ಸ್ವರೂಪವೇ ಬೇರೆಯಾಯಿತು. ಕೊಳೆತ ಎಲೆಯನ್ನು ತುಂಡರಿಸಿ ಮಣ್ಣಿಗೆ ಸೇರಿಸುವ, ಬಿಲದ ದಾರಿಯಲ್ಲಿ ಗಾಳಿಯನ್ನೂ ನೀರನ್ನೂ ಒಳಗೆ ಬಿಡುವ, ಕೊಕ್ಕರೆಗೂ ನೀರುನಾಯಿಗೂ ಆಹಾರವಾಗುವ ಈ ಜೀವಿಯು ಮಾಡುವ ಉಪಕಾರವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆದಿಲ್ಲವಾದುದರಿಂದ, ಅದರ ಅಪಕಾರವೊಂದೇ ಕಣ್ಣಿಗೆ ಬೀಳುವುದು.

ಪ್ರಾಚೀನರು ಏಡಿಯನ್ನು ಹತ್ತಿರದಿಂದ ಕಂಡರು, ಅರ್ಥಮಾಡುವಲ್ಲಿ ಎಡವಿದರು. ಆಧುನಿಕರು ಅದರ ಅವಯವಗಳನ್ನು ಒಂದೊಂದಾಗಿ ಅಳೆದರು, ಅದು ಬಾಳುವ ಹಳ್ಳದ ಕಡೆಗೆ ತಡವಾಗಿ ತಿರುಗಿದರು. ಎರಡು ನೂರು ವರ್ಷಗಳ ಹಿಂದೆ ಹೀಬರನ ಕಣ್ಣಿಗೆ ಹುಲ್ಲಿನ ಹೊರೆ ಹೊತ್ತು ಓಡಿದ ಏಡಿಗಳ ಸಂಖ್ಯೆಯನ್ನು ಯಾರೂ ಎಣಿಸಲಿಲ್ಲ. ಅಗಣಿತವೆಂದು ತೋರಿದುದನ್ನು ಎಣಿಸಬೇಕೆಂದು ಯಾರಿಗೂ ಅನ್ನಿಸದು. ಆದರೆ ಎಣಿಸದಿರುವ ವಸ್ತುವು ಕಡಮೆಯಾದುದೂ ಗೊತ್ತಾಗುವುದಿಲ್ಲ. ಅಪೂರ್ವವಾದುದನ್ನು ಕಾಪಾಡಲು ಕೆಲವರಾದರೂ ಮುಂದೆ ಬರುವರು, ಸಾಮಾನ್ಯವಾದುದಕ್ಕೆ ಕಾವಲಿರುವುದಿಲ್ಲ. ಮುಂಗಾರು ಹಿಡಿದ ದಿನ ಬದುವಿನ ಬಿಲದಿಂದ ಏಡಿಯು ಹೊರಗೆ ಬಂದಿತೇ ಇಲ್ಲವೇ ಎಂಬುದನ್ನು ಗುರುತುಮಾಡಿಕೊಳ್ಳುವುದಕ್ಕೆ ಲ್ಯಾಟಿನ್ ಬೇಕಾಗಿಲ್ಲ, ಮ್ಯೂಸಿಯಂ ಬೇಕಾಗಿಲ್ಲ. ಗದ್ದೆಯಲ್ಲಿ ನಡೆಯುವ ಕಾಲೂ ನೋಡುವ ಕಣ್ಣೂ ಇದ್ದರೆ ಸಾಕು. ಬಿಲವಾಸಿಯ ಚರಿತ್ರೆಯ ಮುಂದಿನ ಅಧ್ಯಾಯವನ್ನು ಬರೆಯತಕ್ಕವರು ಅಂತಹವರೇ.